ಗಾಜಿನ ತೊಟ್ಟಿಯ ಸಹವಾಸಿಗಳು

ಸಿಹಿನೀರಿನ ಅಲಂಕಾರಿಕ ಮೀನುಗಳನ್ನು ಮನೆಯಲ್ಲಿ ಸಾಕುವವರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದ, ಆದರೆ ವಾಡಿಕೆಯಲ್ಲಿ ತೊಟ್ಟಿ, ಫಿಲ್ಟರ್, ದೀಪ, ಬಣ್ಣದ ಕಲ್ಲುಗಳೆಲ್ಲ ಬಂದಾದ ಮೇಲೆ ಯೋಚಿಸುವ ಸಂಗತಿಯೆಂದರೆ ಯಾವ ಮೀನಿನ ಜೊತೆ ಯಾವ ಮೀನನ್ನು ಬಿಡಬೇಕು ಎಂಬುದು. ಅಂಗಡಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ ಮಾತಿನದು: ಇದು ಸಾಧು, ಅದು ಜಗಳಗಂಟ. ಈ ವಿಂಗಡಣೆ ಪೂರ್ತಿ ಸುಳ್ಳೆನ್ನಲಾಗದು. ಆದರೆ ಸಾಧುವೆಂದು ಹೆಸರಾದ ಮೀನು ಬೆಳೆದಾಗ, ಜೋಡಿಯಾದಾಗ, ಇಕ್ಕಟ್ಟಿಗೆ ಸಿಕ್ಕಾಗ ಬೇರೆಯೇ ಸ್ವಭಾವ ತೋರುತ್ತದೆ; ಜಗಳಗಂಟನೆಂದು ಹೆಸರಾದ ಮೀನು ತಕ್ಕ ಜಾಗವೂ ತಕ್ಕಷ್ಟು ಬಳಗವೂ ದೊರೆತಾಗ ತನ್ನ ಪಾಡಿಗೆ ತಾನಿರುತ್ತದೆ. ಹೊಂದಾಣಿಕೆಯು ಯಾವುದೋ ಒಂದು ಮೀನಿನ ಹುಟ್ಟುಗುಣವಾಗಿರದೆ ನೀರು, ಗಾತ್ರ, ಜಾಗ, ಸಂಖ್ಯೆ ಮತ್ತು ಆಹಾರ ಎಂಬ ಐದು ಸಂಗತಿಗಳ ಲೆಕ್ಕಾಚಾರದಿಂದ ಹುಟ್ಟುವ ಫಲವಾಗಿದೆ.

ಹೊಳೆಯಲ್ಲಾಗಲಿ ಕೆರೆಯಲ್ಲಾಗಲಿ ಬೆನ್ನಟ್ಟಿಸಿಕೊಂಡ ಮೀನು ನಾಲ್ಕು ಮಾರು ಓಡಿದರೆ ಎದುರಾಳಿಯ ಗಡಿ ದಾಟಿ ಪಾರಾಗುತ್ತದೆ, ನೀರು ಒಗ್ಗದಿದ್ದರೆ ಬೇರೆ ಮಡುವನ್ನು ಹುಡುಕಿಕೊಳ್ಳುತ್ತದೆ, ಒಂದೆಡೆ ಮೇವು ಸಿಗದಿದ್ದರೆ ಇನ್ನೊಂದೆಡೆಗೆ ಹೋಗುತ್ತದೆ. ಎರಡು ಅಡಿ ಉದ್ದದ ತೊಟ್ಟಿಯಲ್ಲಿ ಈ ಮೂರು ದಾರಿಗಳೂ ಮುಚ್ಚಿರುತ್ತವೆ. ಹೀಗಾಗಿ ಪ್ರಕೃತಿಯಲ್ಲಿ ಮೀನು ತಾನೇ ಮಾಡಿಕೊಳ್ಳುವ ಆಯ್ಕೆಗಳನ್ನೆಲ್ಲ ತೊಟ್ಟಿಯಲ್ಲಿ ಸಾಕುವವರೇ ಮುಂದಾಗಿ ಮಾಡಬೇಕಾಗುತ್ತದೆ.

ಈ ವಿಚಾರ ಅಕ್ವೇರಿಯಂನಷ್ಟೇ ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಗಾಜಿನ ಪಾತ್ರೆಯೊಳಗೆ ಎರಡು ಪುಟ್ಟ ಗೋಲ್ಡ್‌ಫಿಶ್‌ಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಇರಿಸಿ, ಗಿಡ ಬಿಡುವ ಆಮ್ಲಜನಕವು ಮೀನಿನ ಉಸಿರಾಟಕ್ಕೆ ಒದಗುವುದನ್ನು ತೋರಿಸಿದರು. ಆದರೆ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿದಾಗ ಅವರು ಕೊಳದ ಬಸವನಹುಳುಗಳನ್ನು ಅದಕ್ಕೆ ಸೇರಿಸಿದರು. ಹುಳುಗಳು ಕೊಳೆತ ಎಲೆಗಳನ್ನು ತಿಂದು ಮುಗಿಸಿದವು. ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. ಜೊತೆಗಾರರನ್ನು ಕಾರಣ ನೋಡಿ ಆರಿಸಿದ ತೊಟ್ಟಿಗಳಲ್ಲಿ ಇದು ಬಹು ಮುಂಚಿನದು.

ನೀರೇ ಮೊದಲ ಮಾನದಂಡ

ಎರಡು ಜಾತಿಯ ಮೀನುಗಳು ಒಂದೇ ತೊಟ್ಟಿಯಲ್ಲಿ ಬಾಳಬಲ್ಲವೇ ಎಂದು ಕೇಳುವುದಕ್ಕಿಂತ ಮೊದಲು ಅವು ಒಂದೇ ನೀರಿನಲ್ಲಿ ಬಾಳಬಲ್ಲವೇ ಎಂದು ನೋಡಬೇಕು, ಏಕೆಂದರೆ ಸಿಹಿನೀರು ಎಂಬ ಒಂದೇ ಹೆಸರಿನಡಿ ಬಹಳ ಭಿನ್ನವಾದ ನೀರುಗಳು ಸೇರಿಕೊಂಡಿವೆ. ನೀರು ಎಷ್ಟು ಆಮ್ಲೀಯ ಅಥವಾ ಎಷ್ಟು ಕ್ಷಾರೀಯ ಎಂಬುದನ್ನು ಸೂಚಿಸುವ ಅಳತೆಗೆ ಪಿಎಚ್ ಎಂದು ಹೆಸರು. ಇದರಲ್ಲಿ 7 ತಟಸ್ಥ ಬಿಂದು, ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ, ಮತ್ತು ಒಂದು ಅಂಕಿಯ ಅಂತರವೆಂದರೆ ಆಮ್ಲೀಯತೆಯಲ್ಲಿ 10 ಪಟ್ಟು ವ್ಯತ್ಯಾಸ. ಗಡಸುತನವೆಂದರೆ ನೀರಿನಲ್ಲಿ ಕರಗಿರುವ, ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ. ಅಮೆಜಾನ್ ಜಲಾನಯನದ ಕಾಡುತೊರೆಗಳಲ್ಲಿ ಬಿದ್ದ ಎಲೆಗಳು ಕೊಳೆತು ನೀರು ಚಹಾ ಬಣ್ಣಕ್ಕೆ ತಿರುಗಿ, ಮೆದುವೂ ಆಮ್ಲೀಯವೂ ಆಗಿರುತ್ತದೆ. ನಿಯಾನ್ ಟೆಟ್ರಾ, ಡಿಸ್ಕಸ್‌ನಂಥ ಮೀನುಗಳ ಮೂಲ ಅಂಥ ನೀರು. ಆಫ್ರಿಕದ ಮಲಾವಿ ಸರೋವರದ ನೀರಿನ ಪಿಎಚ್ ಸುಮಾರು 7.8ರಿಂದ 8.6ರವರೆಗೆ ಇದ್ದು, ಅಲ್ಲಿನ ಸಿಕ್ಲಿಡ್ ಮೀನುಗಳು ಆ ಕ್ಷಾರೀಯ ನೀರಿಗೇ ಒಗ್ಗಿಕೊಂಡಿವೆ. ಗಪ್ಪಿ, ಮೊಲಿ, ಪ್ಲೇಟಿಗಳಂತೆ ಮೊಟ್ಟೆಯಿಡದೆ ಮರಿ ಹಾಕುವ ಮೀನುಗಳಿಗೂ ಗಡಸು ನೀರೇ ಹಿತ.

ಇದು ಬರಿಯ ರುಚಿಯ ವಿಚಾರವಲ್ಲ. ಸಿಹಿನೀರಿನ ಮೀನಿನ ದೇಹದೊಳಗಿನ ಲವಣಾಂಶ ಹೊರಗಿನ ನೀರಿಗಿಂತ ಹೆಚ್ಚಿರುವುದರಿಂದ ನೀರು ಸದಾ ಅದರ ಮೈಯೊಳಕ್ಕೆ ಇಳಿಯುತ್ತಿರುತ್ತದೆ. ಮೀನು ಆ ಹೆಚ್ಚುವರಿ ನೀರನ್ನು ತೆಳುಮೂತ್ರವಾಗಿ ಹೊರಹಾಕುತ್ತ, ಕಳೆದುಹೋಗುವ ಲವಣವನ್ನು ಕಿವಿರುಗಳ ಮೂಲಕ ಮತ್ತೆ ಹೀರಿಕೊಳ್ಳುತ್ತ ಸಮತೋಲ ಕಾಯ್ದುಕೊಳ್ಳುತ್ತದೆ. ಒಗ್ಗದ ನೀರಿನಲ್ಲಿ ಈ ಕೆಲಸಕ್ಕೇ ಅದರ ಶಕ್ತಿಯೆಲ್ಲ ವೆಚ್ಚವಾಗಿ ರೋಗ ತಡೆಯುವ ಬಲ ಕುಗ್ಗುತ್ತದೆ. ತೋಟಗಳಲ್ಲಿ, ಎಂದರೆ ಮೀನು ಮರಿ ಮಾಡಿಸುವ ಕೇಂದ್ರಗಳಲ್ಲಿ, ತಲೆಮಾರುಗಳಿಂದ ಬೆಳೆದ ನಿಯಾನ್ ಟೆಟ್ರಾಗಳು ಪಿಎಚ್ 7ರ ಆಸುಪಾಸಿನ ನೀರನ್ನು ಸಹಿಸುತ್ತವೆ ಎಂಬುದು ನಿಜ. ಆದರೂ ಎರಡು ಜಾತಿಗಳ ಅಗತ್ಯಗಳು ಒಂದರ ಮೇಲೊಂದು ಹಾಯುವ ಮಧ್ಯಭಾಗ ಎಷ್ಟು ಅಗಲವಾಗಿದೆಯೋ ಅಷ್ಟರಮಟ್ಟಿಗೆ ಮಾತ್ರ ಅವು ಜೊತೆಗಾರರು.

ಉಷ್ಣಾಂಶದ ಮಾತೂ ಇಷ್ಟೇ ಮುಖ್ಯ. ಚೀನಾದಲ್ಲಿ ಸುಮಾರು ಸಾವಿರ ವರ್ಷಗಳಿಂದ ಸಾಕಣೆಯಲ್ಲಿರುವ ಗೋಲ್ಡ್‌ಫಿಶ್ ತಂಪು ನೀರಿನ ಮೀನು; 18ರಿಂದ 22 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತಕರ. ಡಿಸ್ಕಸ್‌ಗೆ 28 ಡಿಗ್ರಿಗೂ ಮೇಲ್ಪಟ್ಟ ಬೆಚ್ಚನೆಯ ನೀರು ಬೇಕು. ಎರಡೂ ಸಾಧುಮೀನುಗಳೇ ಆದರೂ ಅವುಗಳನ್ನು ಒಂದೆಡೆ ಇಡುವುದೆಂದರೆ ಒಂದನ್ನಾದರೂ ನಿತ್ಯ ಹಿಂಸಿಸಿದಂತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ ಹಿಡಿಯಬಲ್ಲುದು. ಕಲಬುರಗಿ, ಬಳ್ಳಾರಿಗಳ ಬೇಸಿಗೆಯಲ್ಲಿ ಗೋಲ್ಡ್‌ಫಿಶ್‌ಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಮೀನಿನ ಪಟ್ಟಿ ಮಾಡುವ ಮೊದಲು ಮನೆಯ ನಲ್ಲಿಯ ನೀರನ್ನು ಅಳೆಯುವುದು ಜಾಣತನ. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ನೆಲದ ಬಾವಿನೀರು ಸಾಮಾನ್ಯವಾಗಿ ಮೆದುವಾಗಿ, ತುಸು ಆಮ್ಲೀಯವಾಗಿರುತ್ತದೆ. ಬಯಲುಸೀಮೆಯ ಆಳದ ಕೊಳವೆಬಾವಿಗಳ ನೀರು ಗಡಸಾಗಿದ್ದು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಮೊದಲನೆಯ ನೀರು ಟೆಟ್ರಾ, ರಾಸ್ಬೋರಾಗಳಿಗೆ ಒಪ್ಪುವಂಥದು, ಎರಡನೆಯದು ಗಪ್ಪಿ, ಪ್ಲೇಟಿ, ಮೊಲಿಗಳಿಗೆ. ರಾಸಾಯನಿಕ ಹಾಕಿ ನೀರನ್ನು ಮೀನಿಗೆ ತಕ್ಕಂತೆ ತಿದ್ದುವುದಕ್ಕಿಂತ ಇರುವ ನೀರಿಗೆ ತಕ್ಕ ಮೀನನ್ನು ಆರಿಸುವುದು ಸುಲಭ ಮಾತ್ರವಲ್ಲ, ಮೀನಿನ ದೃಷ್ಟಿಯಿಂದ ಸುರಕ್ಷಿತವೂ ಹೌದು, ಏಕೆಂದರೆ ಮೀನುಗಳನ್ನು ದಣಿಸುವುದರಲ್ಲಿ ತಪ್ಪಾದ ಪಿಎಚ್‌ಗಿಂತ ದಿನದಿನಕ್ಕೆ ಏರುಪೇರಾಗುವ ಪಿಎಚ್ ಮುಂದು.

ಬಾಯಿಯ ಅಳತೆ, ಬೆಳವಣಿಗೆಯ ಅಳತೆ

ನೀರು ಹೊಂದಿದ ಮೇಲೆ ನೋಡಬೇಕಾದದ್ದು ಗಾತ್ರ. ಬಹುಪಾಲು ಮೀನುಗಳು ತಮ್ಮ ಬಾಯಿಗೆ ಹಿಡಿಸುವ ಜೀವಿಯನ್ನು ಆಹಾರವೆಂದೇ ತಿಳಿಯುತ್ತವೆ. ಇದರಲ್ಲಿ ಕ್ರೌರ್ಯದ ಮಾತಿಲ್ಲ. ಆದರೆ ಅಂಗಡಿಯಲ್ಲಿ ಕಾಣುವ ಗಾತ್ರ ಹೆಚ್ಚಾಗಿ ಮರಿಯದು, ಮತ್ತು ಅಲ್ಲಿ ಎಲ್ಲ ಮೀನುಗಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುವುದರಿಂದ ಎಲ್ಲವೂ ಸ್ನೇಹದಿಂದಿರುವಂತೆ ತೋರುತ್ತದೆ. ಏಂಜಲ್ ಮೀನು ಇದಕ್ಕೆ ಒಳ್ಳೆಯ ನಿದರ್ಶನ. ನಾಣ್ಯದಗಲದ ಏಂಜಲ್ ಮರಿಗಳನ್ನೂ ಬೆಳೆದ ನಿಯಾನ್ ಟೆಟ್ರಾಗಳನ್ನೂ ಒಟ್ಟಿಗೆ ಬಿಟ್ಟಾಗ ಮೊದಲ ಕೆಲವು ತಿಂಗಳು ಯಾವ ತೊಂದರೆಯೂ ಕಾಣುವುದಿಲ್ಲ. ಆದರೆ ಏಂಜಲ್ ಮೀನಿನ ಉದ್ದ ಸುಮಾರು 15 ಸೆಂ.ಮೀ. ಮುಟ್ಟುತ್ತದೆ, ನಿಯಾನ್ 3-4 ಸೆಂ.ಮೀ.ಗೇ ನಿಲ್ಲುತ್ತದೆ, ಅದರ ಮೈ ಸಣಕಲು. ಅಮೆಜಾನಿನಲ್ಲಿ ಅಂಥ ಪುಟ್ಟ ಮೀನುಗಳು ಏಂಜಲ್‌ನ ಸಹಜ ಆಹಾರದ ಭಾಗ. ದೀಪ ಆರಿದ ಮೇಲೆ ನಿಯಾನ್‌ಗಳ ನೀಲಿಪಟ್ಟೆ ಮಂಕಾಗಿ ಅವು ಒಂದೆಡೆ ಅಲುಗಾಡದೆ ನಿಲ್ಲುತ್ತವೆ, ಮಸುಕು ಬೆಳಕಿನ ಹೊತ್ತಿನಲ್ಲಿ ಏಂಜಲ್ ಅವುಗಳನ್ನು ಹಿಡಿಯುತ್ತದೆ, ಮತ್ತು ಬೆಳಿಗ್ಗೆ ಎಣಿಸಿದರೆ ಒಂದು ಕಡಿಮೆ ಇರುತ್ತದೆ. ಸತ್ತ ಮೀನಿನ ಕುರುಹೂ ಸಿಗದಿರುವುದರಿಂದ ಮನೆಯವರಿಗೆ ಕಾರಣ ಹೊಳೆಯುವುದಿಲ್ಲ.

ಇನ್ನೂ ದೊಡ್ಡ ಎಡವಟ್ಟು ಮರಿಯ ಗಾತ್ರ ನೋಡಿ ಮರುಳಾಗುವುದರಿಂದ ಆಗುತ್ತದೆ. ಅಂಗಡಿಗಳಲ್ಲಿ ಪುಟ್ಟ ಶಾರ್ಕ್ ಎಂಬ ಹೆಸರಿನಲ್ಲಿ ಮಾರುವ ಪಂಗಾಸಿಯಸ್ ವಾಸ್ತವದಲ್ಲಿ ಆಗ್ನೇಯ ಏಷ್ಯಾದ ಬೆಕ್ಕುಮೀನು. ಆಹಾರಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಸಾಕುವ ಇದು ಒಂದು ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಪಾಚಿ ತಿನ್ನಲಿ ಎಂದು ತರುವ ಸಕ್ಕರ್ ಮೀನು 40 ಸೆಂ.ಮೀ. ದಾಟುತ್ತದೆ. ಆಸ್ಕರ್ ಎಂಬ ಮೀನು ಸುಮಾರು 30 ಸೆಂ.ಮೀ. ಬೆಳೆಯುತ್ತದೆ. ತೊಟ್ಟಿ ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ನಿಜದಲ್ಲಿ ಕೆಟ್ಟ ನೀರಿನಲ್ಲಿ ಅದರ ಬೆಳವಣಿಗೆ ಕುಂಠಿತವಾಗಿ, ಬೆನ್ನು ಡೊಂಕಾಗಿ, ಆಯಸ್ಸು ಮೊಟಕಾಗುತ್ತದೆ.

ಇಷ್ಟು ಲೀಟರಿಗೆ ಇಷ್ಟು ಸೆಂಟಿಮೀಟರ್ ಮೀನು ಎಂಬ ಪ್ರಚಲಿತ ಲೆಕ್ಕವೂ ಇಲ್ಲಿ ದಾರಿ ತಪ್ಪಿಸುತ್ತದೆ. 3 ಸೆಂ.ಮೀ. ಉದ್ದದ 10 ಟೆಟ್ರಾಗಳ ಒಟ್ಟು ಉದ್ದವೂ ಒಂದು ಆಸ್ಕರ್‌ನ ಉದ್ದವೂ 30 ಸೆಂ.ಮೀ. ಆಗಬಹುದು, ಆದರೆ ಉದ್ದ 10 ಪಟ್ಟಾದಾಗ ಅಗಲವೂ ದಪ್ಪವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ದೇಹದ ತೂಕ ಸರಿಸುಮಾರು ಸಾವಿರ ಪಟ್ಟಾಗುತ್ತದೆ, ತಿನ್ನುವ ಆಹಾರ ಮತ್ತು ಹೊರಹಾಕುವ ಕಸವೂ ಅದಕ್ಕೆ ತಕ್ಕಂತೆ ಏರುತ್ತದೆ. ಈ ಲೆಕ್ಕವನ್ನು ಪುಟ್ಟ ಮೀನುಗಳಿಗೆ ಮಾತ್ರ, ಅದೂ ಪೂರ್ಣ ಬೆಳೆದ ಗಾತ್ರವನ್ನು ಹಿಡಿದು ಬಳಸಬೇಕು.

ಗಡಿಯೂ ಗುರುತೂ

ಮೂರನೆಯದು ಜಾಗದ ಪ್ರಶ್ನೆ. ಹಲವು ಮೀನುಗಳು, ಅದರಲ್ಲೂ ಸಿಕ್ಲಿಡ್ ಕುಟುಂಬದವು, ಒಂದು ಕಲ್ಲು, ಒಂದು ಪೊಟರೆ ಅಥವಾ ಒಂದು ಅಗಲ ಎಲೆಯ ಸುತ್ತಲಿನ ಪ್ರದೇಶವನ್ನು ತಮ್ಮದೆಂದು ಕಾಯುತ್ತವೆ. ಜೀವಶಾಸ್ತ್ರದಲ್ಲಿ ಇದಕ್ಕೆ ಗಡಿಕಾವಲು ವರ್ತನೆ ಎನ್ನಬಹುದು. ಗಡಿಯೊಳಕ್ಕೆ ಬಂದವರನ್ನೆಲ್ಲ ಅವು ಒಂದೇ ಬಗೆಯಾಗಿ ನೋಡುವುದಿಲ್ಲ. ಡಚ್ ಮೂಲದ ವಿಜ್ಞಾನಿ ನಿಕೋ ಟಿನ್‌ಬರ್ಗೆನ್ ಮುಳ್ಳುಬೆನ್ನಿನ ಸ್ಟಿಕಲ್‌ಬ್ಯಾಕ್ ಮೀನುಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಸಂತಾನದ ಕಾಲದಲ್ಲಿ ಈ ಜಾತಿಯ ಗಂಡುಮೀನಿನ ಹೊಟ್ಟೆ ಕೆಂಪಾಗುತ್ತದೆ. ಕೆಳಭಾಗಕ್ಕೆ ಕೆಂಪು ಬಳಿದ, ಆಕಾರದಲ್ಲಿ ಮೀನನ್ನೇ ಹೋಲದ ಒರಟು ಗೊಂಬೆಗಳ ಮೇಲೂ ಗಂಡುಗಳು ಎರಗಿದವು; ಕೆಂಪಿಲ್ಲದ, ಆಕಾರದಲ್ಲಿ ಮೀನನ್ನೇ ಹೋಲುವ ಗೊಂಬೆಗಳನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಕಿಟಕಿಯಾಚೆ ಹಾದುಹೋದ ಕೆಂಪು ಬಣ್ಣದ ಅಂಚೆಬಂಡಿಯ ಕಡೆಗೂ ಅವು ನುಗ್ಗಿದುದನ್ನು ಟಿನ್‌ಬರ್ಗೆನ್ ದಾಖಲಿಸಿದ್ದಾರೆ. ಮೀನಿನ ಕೋಪವನ್ನು ಕೆರಳಿಸುವುದು ಕೆಲವು ನಿರ್ದಿಷ್ಟ ಗುರುತುಗಳೆಂಬುದು ಇದರಿಂದ ತಿಳಿಯಿತು.

ತೊಟ್ಟಿಯ ಜೊತೆಗಾರರ ಆಯ್ಕೆಯಲ್ಲಿ ಈ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಥಾಯ್ಲೆಂಡಿನ ಮೂಲದ ಬೆಟ್ಟಾ, ಅಂದರೆ ಎಲ್ಲರೂ ಕರೆಯುವ ಫೈಟರ್ ಮೀನು, ತನ್ನ ಜಾತಿಯ ಗಂಡನ್ನು ಕಂಡರೆ ಕಿವಿರುಮುಚ್ಚಳ ಅರಳಿಸಿ, ಮೈ ಬಣ್ಣ ಗಾಢವಾಗಿಸಿ ಮೇಲೆ ಬೀಳುತ್ತದೆ. ಉದ್ದ ಬಾಲದ, ಹೊಳೆವ ಬಣ್ಣದ ಗಪ್ಪಿಯ ಗಂಡು ಕೂಡ ಅದರ ಕಣ್ಣಿಗೆ ಎದುರಾಳಿಯಾಗಿ ಕಾಣಬಹುದು. ಅದೇ ಕುಟುಂಬಕ್ಕೆ ಸೇರಿದ ಗೌರಾಮಿಗಳ ಜೊತೆಗೂ ಅದರ ಹೊಂದಾಣಿಕೆ ಕಷ್ಟ. ಆದರೆ ತಳದಲ್ಲಿ ಓಡಾಡುವ ಬೂದುಬಣ್ಣದ ಪುಟ್ಟ ಬೆಕ್ಕುಮೀನು ಕೊರಿಡೊರಾಸ್ ಅದರ ಗಮನವನ್ನೇ ಸೆಳೆಯದಿರಬಹುದು. ಬಣ್ಣದಲ್ಲಿ, ಆಕಾರದಲ್ಲಿ, ಓಡಾಡುವ ಪದರದಲ್ಲಿ ಎಷ್ಟು ಹೆಚ್ಚು ವ್ಯತ್ಯಾಸವಿರುತ್ತದೋ ಗಡಿಕಾಯುವ ಮೀನಿನ ಜೊತೆ ಬಾಳುವ ಸಾಧ್ಯತೆ ಅಷ್ಟು ಹೆಚ್ಚು ಎಂಬುದನ್ನು ಸ್ಥೂಲ ನಿಯಮವಾಗಿ ಇಟ್ಟುಕೊಳ್ಳಬಹುದು.

ಗಡಿ ಒಂದೇ ಅಳತೆಯಲ್ಲಿ ನಿಲ್ಲುವುದೂ ಇಲ್ಲ. ಆರು ಏಂಜಲ್ ಮೀನುಗಳು ಒಟ್ಟಿಗೆ ಬೆಳೆದ ತೊಟ್ಟಿಯಲ್ಲಿ ಎರಡು ಜೋಡಿಗಟ್ಟಿದರೆ, ಆ ಜೋಡಿ ಒಂದು ಅಗಲವಾದ ಎಲೆಯನ್ನೋ ಫಿಲ್ಟರಿನ ಕೊಳವೆಯನ್ನೋ ಆರಿಸಿಕೊಂಡು ಬಾಯಿಯಿಂದ ಅದನ್ನು ಉಜ್ಜಿ ಉಜ್ಜಿ ಶುಚಿಮಾಡುತ್ತದೆ. ಹೆಣ್ಣು ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತ ಹೋದಂತೆ ಗಂಡು ಹಿಂದೆಯೇ ಸಾಗಿ ಅವುಗಳನ್ನು ಫಲಿತಗೊಳಿಸುತ್ತದೆ, ಬಳಿಕ ಎರಡೂ ಸೇರಿ ಈಜುರೆಕ್ಕೆಗಳಿಂದ ಮೊಟ್ಟೆಗಳಿಗೆ ನೀರು ಬೀಸುತ್ತ ಕಾವಲು ನಿಲ್ಲುತ್ತವೆ. ಅಂದಿನಿಂದ ತೊಟ್ಟಿಯ ಅರ್ಧಕ್ಕೂ ಹೆಚ್ಚು ಭಾಗ ಅವುಗಳದು. ನಿನ್ನೆಯವರೆಗೆ ಒಟ್ಟಿಗೆ ಮೇಯುತ್ತಿದ್ದ ಉಳಿದ ನಾಲ್ಕು ಮೂಲೆಗೆ ಒತ್ತಿಕೊಂಡು ನಿಲ್ಲಬೇಕಾಗುತ್ತದೆ. ಸಾಧುವಾದ ಜಾತಿಯೇ ಇಂಥ ಸಂದರ್ಭದಲ್ಲಿ ಬದಲಾಗುವುದರಿಂದ ಸಂತಾನದ ಕಾಲವನ್ನೂ ಗಣನೆಗೆ ತೆಗೆದುಕೊಂಡು ಜಾಗ ಲೆಕ್ಕ ಹಾಕಬೇಕು.

ಮಲಾವಿ ಸರೋವರದ ಬಂಡೆಗಳ ನಡುವೆ ಬಾಳುವ ಎಂಬುನಾ ಸಿಕ್ಲಿಡ್‌ಗಳ ವಿಷಯದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅವು ಮೂರು ನಾಲ್ಕೇ ಇದ್ದರೆ ಬಲಿಷ್ಠ ಗಂಡು ಉಳಿದವನ್ನು ಅಟ್ಟಾಡಿಸಿ ಕೊಲ್ಲುತ್ತದೆ. ದೊಡ್ಡ ತೊಟ್ಟಿಯಲ್ಲಿ ಬಂಡೆಗಳ ಬಿರುಕುಗಳನ್ನು ಒದಗಿಸಿ, ಬಲವಾದ ಫಿಲ್ಟರ್ ಇಟ್ಟು, ಹೆಚ್ಚು ಮೀನುಗಳನ್ನು ಒಟ್ಟಿಗೇ ಬಿಟ್ಟರೆ ಕೋಪ ಹಲವರ ಮೇಲೆ ಹಂಚಿಹೋಗಿ ಯಾರೊಬ್ಬರಿಗೂ ಮಾರಕವಾಗುವುದಿಲ್ಲ. ಇದು ಅನುಭವಿಗಳ ತಂತ್ರ. ಹೊಸಬರು ಇದನ್ನು ಇತರ ಮೀನುಗಳಿಗೆ ಅನ್ವಯಿಸಿದರೆ ನಷ್ಟವೇ ಆಗುತ್ತದೆ.

ಹಿಂಡಿನ ಲೆಕ್ಕ

ಟೆಟ್ರಾ, ರಾಸ್ಬೋರಾ, ಬಾರ್ಬ್, ಡೇನಿಯೊ, ಕೊರಿಡೊರಾಸ್ ಮುಂತಾದವು ಹಿಂಡಿನ ಮೀನುಗಳು. ತರಹೇವಾರಿ ಬಣ್ಣಗಳಿರಲಿ ಎಂದು ಒಂದೊಂದು ಜಾತಿಯಿಂದ ಎರಡೆರಡು ತರುವ ರೂಢಿ ಇವುಗಳ ಪಾಲಿಗೆ ಕೇಡು. ಹಿಂಡು ಇವುಗಳಿಗೆ ರಕ್ಷಣೆ. ಬೇಟೆಗಾರನಿಗೆ ಹಲವು ಮೀನುಗಳ ನಡುವೆ ಒಂದರ ಮೇಲೆ ಗುರಿಯಿಡುವುದು ಕಷ್ಟವಾಗುತ್ತದೆ, ಮತ್ತು ಹಲವು ಕಣ್ಣುಗಳು ಅಪಾಯವನ್ನು ಬೇಗ ಕಾಣುತ್ತವೆ. ಹಿಂಡು ಸಿಗದ ಮೀನು ಬಣ್ಣ ಕಳೆದುಕೊಂಡು ಗಿಡದ ಹಿಂದೆ ಅವಿತಿರುತ್ತದೆ, ಇಲ್ಲವೇ ಪಕ್ಕದವರ ಮೇಲೆ ತಿರುಗಿಬೀಳುತ್ತದೆ. ಟೈಗರ್ ಬಾರ್ಬ್ ಇತರ ಮೀನುಗಳ ಈಜುರೆಕ್ಕೆಯನ್ನು ಕಚ್ಚಿ ಹರಿಯುವುದಕ್ಕೆ ಕುಖ್ಯಾತ. ಎಂಟು ಹತ್ತರ ಹಿಂಡಾಗಿ ಬಿಟ್ಟಾಗ ಅವು ತಮ್ಮತಮ್ಮಲ್ಲೇ ಮೇಲು ಕೀಳಿನ ಶ್ರೇಣಿ ಕಟ್ಟಿಕೊಂಡು, ಅಟ್ಟುವುದು ಓಡುವುದೆಲ್ಲ ಬಹುಮಟ್ಟಿಗೆ ಹಿಂಡಿನೊಳಗೇ ಮುಗಿಯುತ್ತದೆ. ಆಗಲೂ ಏಂಜಲ್, ಬೆಟ್ಟಾ, ಗಪ್ಪಿಗಳಂತೆ ಜೋಲು ರೆಕ್ಕೆಯ, ನಿಧಾನವಾಗಿ ಈಜುವ ಮೀನುಗಳನ್ನು ಅವುಗಳ ಜೊತೆ ಬಿಡಬಾರದು.

ಹಿಂಡಿನ ಮೀನುಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಾಣಿವರ್ತನೆಯ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ವರದಿ ಮಾಡಿದಂತೆ, ಮಿನ್ನೋ ಎಂಬ ಪುಟ್ಟ ಮೀನಿನ ಚರ್ಮಕ್ಕೆ ಗಾಯವಾದಾಗ ಅದರಿಂದ ಒಂದು ರಾಸಾಯನಿಕ ನೀರಿಗೆ ಬಿಡುಗಡೆಯಾಗಿ, ಅದರ ವಾಸನೆ ತಗುಲಿದ ಸಂಗಾತಿಗಳು ಬೆದರಿ ಓಡುತ್ತವೆ. ಬಾರ್ಬ್, ಟೆಟ್ರಾ, ಬೆಕ್ಕುಮೀನು, ಲೋಚ್‌ಗಳೆಲ್ಲ ಮಿನ್ನೋ ಸೇರಿದ ದೊಡ್ಡ ಗುಂಪಿನವೇ ಆದುದರಿಂದ ಇಂಥ ಭಯಸೂಚನೆ ಅವುಗಳಲ್ಲೂ ಕಂಡುಬರುತ್ತದೆ. ಒಂದೇ ಒಂದು ಮೀನನ್ನು ಇನ್ನೊಂದು ಕಚ್ಚುತ್ತಿದೆ, ಉಳಿದವು ಚೆನ್ನಾಗಿವೆ ಎಂಬ ಸಮಾಧಾನ ಆದ್ದರಿಂದ ಸರಿಯಲ್ಲ. ಒಂದರ ಗಾಯ ಇಡೀ ತೊಟ್ಟಿಯ ನೆಮ್ಮದಿ ಕೆಡಿಸಬಲ್ಲದು. ಟಿನ್‌ಬರ್ಗೆನ್, ಫಾನ್ ಫ್ರಿಶ್ ಇಬ್ಬರಿಗೂ ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ ಕೊನ್ರಾಡ್ ಲೊರೆಂಟ್ಸ್ ಅವರೊಂದಿಗೆ 1973ರ ನೊಬೆಲ್ ಪುರಸ್ಕಾರ ದೊರೆಯಿತು.

ಗಂಡು ಹೆಣ್ಣಿನ ಪ್ರಮಾಣವೂ ಸಂಖ್ಯೆಯ ಲೆಕ್ಕಕ್ಕೇ ಸೇರಿದ್ದು. ಗಪ್ಪಿಯ ಗಂಡುಗಳು ಬಿಡುವಿಲ್ಲದೆ ಹೆಣ್ಣುಗಳನ್ನು ಬೆನ್ನಟ್ಟಿ ದಣಿಸುವುದರಿಂದ ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಿರಬೇಕು, ಇಲ್ಲವೇ ಬರಿಯ ಗಂಡುಗಳನ್ನಷ್ಟೇ ಸಾಕಬೇಕು. ಹೆಣ್ಣು ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕುತ್ತದೆ. ವೀರ್ಯವನ್ನು ಒಡಲಲ್ಲಿ ಕಾದಿರಿಸಿಕೊಳ್ಳುವುದರಿಂದ ಗಂಡನ್ನು ಬೇರ್ಪಡಿಸಿದ ಮೇಲೂ ಮರಿಗಳು ಬರುತ್ತಲೇ ಇರುತ್ತವೆ. ಹೀಗೆ ಹೆಚ್ಚುವ ಸಂಸಾರಕ್ಕೆ ಜಾಗವೆಲ್ಲಿ ಎಂಬುದನ್ನು ಮೊದಲೇ ಯೋಚಿಸಿರಬೇಕು.

ಪದರವೂ ಊಟವೂ

ತೊಟ್ಟಿಯನ್ನು ಮೇಲ್ಪದರ, ನಡುಪದರ, ತಳ ಎಂದು ಮೂರಾಗಿ ನೋಡುವುದು ಉಪಯುಕ್ತ. ಮೀನಿನ ಬಾಯಿಯನ್ನು ಗಮನಿಸಿದರೆ ಅದು ಯಾವ ಪದರದ್ದೆಂದು ಹೆಸರು ತಿಳಿಯದೆಯೂ ಊಹಿಸಬಹುದು: ಬಾಯಿ ಮೇಲ್ಮುಖವಾಗಿದ್ದರೆ ಮೇಲ್ಮೈಯಲ್ಲಿ ತೇಲುವ ಆಹಾರ ಹಿಡಿಯುವ ಮೀನು, ಮೂತಿಯ ತುದಿಯಲ್ಲಿ ನೇರವಾಗಿದ್ದರೆ ನಡುಪದರದ್ದು, ಕೆಳಮುಖವಾಗಿದ್ದು ಅಕ್ಕಪಕ್ಕ ಮೀಸೆಗಳಿದ್ದರೆ ತಳದಲ್ಲಿ ತಡಕಿ ತಿನ್ನುವಂಥದು. ಮೂರು ಪದರಗಳಿಗೂ ಹಂಚಿ ಆರಿಸಿದರೆ ಅಷ್ಟೇ ನೀರಿನಲ್ಲಿ ಡಿಕ್ಕಿ ಕಡಿಮೆಯಾಗುತ್ತದೆ.

ಆದರೆ ತಳದ ಮೀನುಗಳನ್ನು ತೊಟ್ಟಿಯ ಜಾಡಮಾಲಿಗಳೆಂದು ತಿಳಿದು ಬಿಡುವುದು ದೊಡ್ಡ ತಪ್ಪು. ಕೊರಿಡೊರಾಸ್ ಇತರರ ಹೇಲನ್ನು ತಿನ್ನುವುದಿಲ್ಲ. ಮೇಲಿನವರು ಎಲ್ಲವನ್ನೂ ಕಬಳಿಸಿದರೆ ಅದು ಉಪವಾಸ ಬೀಳುತ್ತದೆ. ಅದಕ್ಕೆಂದೇ ಮುಳುಗುವ ಗುಳಿಗೆಗಳನ್ನು ದೀಪ ಆರಿಸಿದ ಮೇಲೆ ಹಾಕಬೇಕು, ಮತ್ತು ಮೀಸೆಗಳು ಸವೆಯದಂತೆ ಚೂಪು ಜಲ್ಲಿಯ ಬದಲು ನಯವಾದ ಮರಳು ಹಾಸಬೇಕು. ಪಾಚಿ ತಿನ್ನುವುದೆಂದು ಮಾರುವ ಚೈನೀಸ್ ಆಲ್ಗೀ ಈಟರ್ ಬೆಳೆಯುತ್ತ ಹೋದಂತೆ ಪಾಚಿಯ ಮೇಲಿನ ಆಸೆ ಬಿಟ್ಟು, ಚಪ್ಪಟೆ ಮೈಯ ನಿಧಾನದ ಮೀನುಗಳಿಗೆ ಅಂಟಿಕೊಂಡು ಅವುಗಳ ಮೈಮೇಲಿನ ರಕ್ಷಕ ಲೋಳೆಯನ್ನು ಕೆರೆಯುವುದುಂಟು.

ಊಟದ ವೇಗವೂ ಹೊಂದಿರಬೇಕು. ಉಬ್ಬುಗಣ್ಣಿನ ಗೋಲ್ಡ್‌ಫಿಶ್ ತಳಿಗಳು ಸರಿಯಾಗಿ ಕಾಣಲಾರವು, ಓಡಲಾರವು. ಅದೇ ಜಾತಿಯ ಕಾಮೆಟ್ ತಳಿಯ ಚುರುಕಿನ ಮುಂದೆ ಅವುಗಳಿಗೆ ತುತ್ತೇ ಸಿಗುವುದಿಲ್ಲ. ಒಂದೇ ಜಾತಿಯವೆಂಬ ಕಾರಣಕ್ಕೆ ಹೊಂದಾಣಿಕೆ ತಾನಾಗಿ ಬರುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುವ ಎಂಬುನಾಗಳಿಗೆ ಮಾಂಸಾಹಾರಿ ಮೀನಿನ ಮೇವು ಸಿಗುತ್ತ ಹೋದರೆ ಅವು ಹೊಟ್ಟೆ ಉಬ್ಬರದ ಕಾಯಿಲೆಗೆ ತುತ್ತಾಗುತ್ತವೆ. ಇಂಥ ಎರಡು ಬಗೆಯವು ಜಗಳವಾಡದಿದ್ದರೂ ಜೊತೆಗಿರಲು ತಕ್ಕವಲ್ಲ.

ಬಿಡುವ ಕ್ರಮ

ಸರಿಯಾದ ಪಟ್ಟಿಯೂ ತಪ್ಪಾದ ಕ್ರಮದಿಂದ ಕೆಡುತ್ತದೆ. ಮೀನಿನ ಕಿವಿರು ಮತ್ತು ಮಲದಿಂದ ಬರುವ ಅಮೋನಿಯ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಮತ್ತೊಂದು ಬಗೆಯವು ಅಷ್ಟಾಗಿ ಕೇಡು ಮಾಡದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇವು ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆದ್ದರಿಂದ ತೊಟ್ಟಿ ತಂದ ದಿನವೇ ಎಲ್ಲ ಮೀನುಗಳನ್ನೂ ಬಿಡದೆ ಹಂತಹಂತವಾಗಿ ಬಿಡಬೇಕು. ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಿದರೆ ಬಿಳಿಚುಕ್ಕೆ ರೋಗದಂಥ ಸೋಂಕುಗಳು ಇಡೀ ತೊಟ್ಟಿಗೆ ಹರಡುವುದು ತಪ್ಪುತ್ತದೆ. ಅಂಜುಬುರುಕ ಜಾತಿಗಳನ್ನು ಮೊದಲು, ಗಡಿಕಾಯುವ ಜಾತಿಗಳನ್ನು ಕೊನೆಗೆ ಬಿಡಬೇಕು. ಆಗ ಮೊದಲಿನವಕ್ಕೆ ಅಡಗುತಾಣಗಳ ಪರಿಚಯವಾಗಿರುತ್ತದೆ. ಆಗಲೇ ನೆಲೆಯೂರಿದ ಸಿಕ್ಲಿಡ್ ಇರುವಲ್ಲಿ ಹೊಸ ಮೀನು ಬಿಡುವುದಾದರೆ ಕಲ್ಲು, ಕಟ್ಟಿಗೆ, ಗಿಡಗಳನ್ನು ಸ್ಥಳ ಬದಲಿಸಿ ಇಟ್ಟು, ದೀಪ ಆರಿಸಿ ಬಿಡುವುದು ಒಳ್ಳೆಯದು, ಏಕೆಂದರೆ ಹಳೆಯ ಗಡಿಗುರುತುಗಳು ಅಳಿಸಿದಾಗ ಎಲ್ಲರೂ ಹೊಸದಾಗಿ ಜಾಗ ಹುಡುಕಬೇಕಾಗುತ್ತದೆ.

ಹೊಂದಾಣಿಕೆ ತಪ್ಪಿದಾಗ ಮೀನು ಅದನ್ನು ಮೈಯಲ್ಲೇ ತೋರಿಸುತ್ತದೆ. ಸೋತ ಮೀನಿನ ಬಣ್ಣ ಮಂಕಾಗಿ, ಬೆನ್ನಿನ ರೆಕ್ಕೆ ಮಡಿಚಿಕೊಂಡು, ಅದು ಹೀಟರಿನ ಹಿಂದೆ ಅಥವಾ ನೀರಿನ ಮೇಲ್ಮೈಗೆ ತಾಗಿದಂತೆ ಮೂಲೆಯಲ್ಲಿ ನಿಲ್ಲುತ್ತದೆ, ಮೇವು ಹಾಕಿದಾಗ ಮುಂದೆ ಬಂದು, ಎದುರಾಳಿ ತಿರುಗಿದೊಡನೆ ಹಿಂದೆ ಸರಿಯುತ್ತದೆ, ಬಾಲದಂಚು ಹರಿದಿರುತ್ತದೆ. ಒಮ್ಮೊಮ್ಮೆ ಅಟ್ಟುವುದು ಸಹಜ. ಅಟ್ಟಿಸಿಕೊಂಡ ಮೀನು ಮೇವು ಬಿಟ್ಟಿತೆಂದರೆ ಅಂದೇ ಅದನ್ನು ಬೇರ್ಪಡಿಸಬೇಕು.

ಕೆಲವು ಒಪ್ಪುವ ಬಳಗಗಳು

24 ಅಂಗುಲ ಉದ್ದ, 12 ಅಂಗುಲ ಅಗಲ, 12 ಅಂಗುಲ ಎತ್ತರದ ತೊಟ್ಟಿ ಕಂಠಪೂರ್ತಿ ತುಂಬಿದರೆ ಸುಮಾರು 56 ಲೀಟರ್ ಹಿಡಿಯುತ್ತದೆ. ಮರಳು ಕಲ್ಲುಗಳನ್ನು ಕಳೆದರೆ ಬಳಕೆಗೆ ಸಿಗುವುದು 45-50 ಲೀಟರ್. ಮೆದು ನೀರಿರುವ ಮನೆಯಲ್ಲಿ ಇಂಥ ತೊಟ್ಟಿಗೆ ಒಂದೇ ಜಾತಿಯ ಎಂಟು ಟೆಟ್ರಾ ಅಥವಾ ಹಾರ್ಲೆಕ್ವಿನ್ ರಾಸ್ಬೋರಾ, ತಳಕ್ಕೆ ಚಿಕ್ಕ ಜಾತಿಯ ಆರು ಕೊರಿಡೊರಾಸ್, ಜೊತೆಗೆ ಒಂದು ಹನೀ ಗೌರಾಮಿ ಸಾಕು. ಗಡಸು ನೀರಿರುವಲ್ಲಿ ಗಂಡು ಗಪ್ಪಿಗಳ ಅಥವಾ ಪ್ಲೇಟಿಗಳ ಒಂದು ಗುಂಪನ್ನೇ ಇಡುವುದು ಲೇಸು. ಬೆಟ್ಟಾವನ್ನು ಒಂಟಿಯಾಗಿ, ಕನಿಷ್ಠ 20 ಲೀಟರ್ ನೀರಿನಲ್ಲಿ ಸಾಕುವುದೇ ಹೊಸಬರಿಗೆ ಕ್ಷೇಮ. ಗೋಲ್ಡ್‌ಫಿಶ್‌ಗೆ ಗೋಲ್ಡ್‌ಫಿಶ್‌ಗಳೇ ಜೊತೆ, ಅದೂ ಇದಕ್ಕಿಂತ ದೊಡ್ಡ ತೊಟ್ಟಿಯಲ್ಲಿ.

ಒಂದೇ ಹೊಳೆಯ ಮೀನುಗಳನ್ನು ಒಟ್ಟಿಗೆ ಇಡುವುದು ಇನ್ನೊಂದು ಸೊಗಸಾದ ಕ್ರಮ, ಏಕೆಂದರೆ ಅವುಗಳ ನೀರು, ಉಷ್ಣಾಂಶ, ಹರಿವಿನ ಅಗತ್ಯಗಳು ಮೊದಲೇ ಹೊಂದಿಕೊಂಡಿರುತ್ತವೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಇದಕ್ಕೆ ಬೇಕಾದಷ್ಟು ಸಂಪತ್ತಿದೆ. ಮಿಸ್ ಕೇರಳ ಎಂದು ಪ್ರಸಿದ್ಧವಾದ ಡೆನಿಸನ್ ಬಾರ್ಬ್, ಬೆನ್ನಿನ ರೆಕ್ಕೆಯಿಂದ ಎಳೆಗಳು ಇಳಿಬಿದ್ದ ಫಿಲಮೆಂಟ್ ಬಾರ್ಬ್, ಮಲಬಾರ್ ಡೇನಿಯೊ ಇವು ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರಿನ ಚುರುಕು ಮೀನುಗಳು. ನಾಲ್ಕು ಅಡಿಗಿಂತ ಕಡಿಮೆ ಉದ್ದದ ತೊಟ್ಟಿ ಇವುಗಳಿಗೆ ಸಾಲದು. ಡೆನಿಸನ್ ಬಾರ್ಬ್ ಅಲಂಕಾರಿಕ ಮೀನಿನ ವ್ಯಾಪಾರಕ್ಕಾಗಿ ಹೊಳೆಗಳಿಂದ ಮಿತಿಮೀರಿ ಹಿಡಿದುದರ ಫಲವಾಗಿಯೂ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಮೀನಾಗಿ ಸೇರಿದೆ. ಆದ್ದರಿಂದ ತೋಟದಲ್ಲಿ ಮರಿ ಮಾಡಿಸಿದ ಮೀನನ್ನೇ ಕೇಳಿ ಕೊಳ್ಳಬೇಕು.

ಬೆಳೆದು ತೊಟ್ಟಿಗೆ ಹಿಡಿಸದಾದ, ಜೊತೆಯವರನ್ನು ಬಾಳಗೊಡದ ಮೀನನ್ನು ಏನು ಮಾಡುವುದೆಂಬ ಸಮಸ್ಯೆ ಕಡೆಗೆ ಬಂದೇ ಬರುತ್ತದೆ, ಮತ್ತು ಕರುಣೆಯ ಹೆಸರಿನಲ್ಲಿ ಅದನ್ನು ಹತ್ತಿರದ ಕೆರೆಗೆ ಬಿಟ್ಟುಬರುವವರೇ ಬಹಳ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ನದಿ ಕೆರೆಗಳಲ್ಲಿ ಇಂದು ನೆಲೆಯೂರಿರುವುದು ಹೀಗೆ ಹೊರಬಿದ್ದ ಮೀನುಗಳಿಂದಲೇ. ಅದರ ಗಟ್ಟಿ ಕವಚದಿಂದಾಗಿ ಅದನ್ನು ತಿನ್ನುವವರು ವಿರಳ, ಅದರ ಮುಳ್ಳುಗಳು ಮೀನುಗಾರರ ಬಲೆ ಹರಿಯುತ್ತವೆ, ಮರಿ ಮಾಡಲು ಅದು ದಂಡೆಯಲ್ಲಿ ಬಿಲ ಕೊರೆಯುತ್ತದೆ. ತೊಟ್ಟಿಯಲ್ಲಿ ಹೊಂದಲಾರದ ಮೀನು ಕೆರೆಯಲ್ಲಿ ಊರ ಮೀನುಗಳ ಜೊತೆ ಹೊಂದೀತೆಂದು ನಂಬಲು ಯಾವ ಆಧಾರವೂ ಇಲ್ಲ. ಕೊಳ್ಳುವ ಮೊದಲೇ ಪೂರ್ಣ ಬೆಳೆದ ಗಾತ್ರ, ಬೇಕಾದ ನೀರು, ಹಿಂಡಿನ ಸಂಖ್ಯೆ ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬೇಕು; ಆ ಮೇಲೂ ಲೆಕ್ಕ ತಪ್ಪಿದರೆ ಮೀನನ್ನು ಅಂಗಡಿಗೆ ಮರಳಿಸಬೇಕು ಅಥವಾ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು, ಕೆರೆ, ಹೊಳೆ, ಬಾವಿಗಳಿಗೆ ಮಾತ್ರ ಎಂದೂ ಬಿಡಕೂಡದು.